ನಡೆದು ನೋಡಿದ ಆಧಾರಗಳು: ಬೆಂಗಳೂರಿನ ಉತ್ತರಭಾಗದ ಸ್ಥಳೇತಿಹಾಸದ ಒಂದು ವಿಮರ್ಶೆ

ಬೆಂಗಳೂರಿನ ಇತಿಹಾಸವನ್ನು ಬರೆಯಹೊರಟವರು ಸಾಮಾನ್ಯವಾಗಿ ಕ್ರಿ. ಶ. ೧೫೩೭ರಲ್ಲಿ ನಿಂತು ಎರಡು ಕಡೆಗೂ ನೋಡುತ್ತಾರೆ. ಮುಂದಕ್ಕೆ ನೋಡುವಾಗ ಅವರ ದೃಷ್ಟಿ ನಿಚ್ಚಳವಾಗಿರುತ್ತದೆ: ಕೆಂಪೇಗೌಡನ ಕೋಟೆ, ೧೬೩೮ರಲ್ಲಿ ಬಿಜಾಪುರದ ಸೈನ್ಯ ಬಂದುದು, ಷಹಾಜಿಯ ಆಳ್ವಿಕೆ, ಹೈದರ್, ಟಿಪ್ಪು, ದಂಡು ಪ್ರದೇಶ, ಹೀಗೆ ಒಂದರ ಹಿಂದೆ ಒಂದು ಅಧ್ಯಾಯ ತೆರೆಯುತ್ತದೆ. ಹಿಂದಕ್ಕೆ ನೋಡುವಾಗ ಮಾತ್ರ ಒಂದೆರಡು ಪುಟಗಳ ಪೀಠಿಕೆಯೊಳಗೆ ಗಂಗರೂ ಚೋಳರೂ ಹೊಯ್ಸಳರೂ ಸಾಲಾಗಿ ಬಂದು ಸರಿದುಹೋಗುತ್ತಾರೆ. ಎಂಟು ಶತಮಾನಗಳಿಗೆ ಎರಡು ಪುಟ! ಆಧಾರಗಳಿಲ್ಲದೆ ಹೀಗಾಯಿತೆಂದು ಹೇಳುವುದಾದರೆ ಅದು ಪೂರ್ತಿ ನಿಜವಲ್ಲ. ಆಧಾರಗಳು ಉಂಟು, ಅವು ಪೇಟೆಯಲ್ಲಿಲ್ಲ, ಪೇಟೆಯ ಸುತ್ತಣ ಹಳ್ಳಿಗಳಲ್ಲಿವೆ. ಆ ಹಳ್ಳಿಗಳು ಇಂದು ಬಡಾವಣೆಗಳ ನಡುವೆ ಹುದುಗಿಹೋಗಿರುವುದರಿಂದ, ಅಚ್ಚಾದ ಸಂಪುಟವನ್ನು ಮೇಜಿನ ಮೇಲೆ ತೆರೆದಿಟ್ಟುಕೊಂಡು ಬರೆಯುವವನಿಗೆ ಅವು ಎಲ್ಲಿವೆಯೆಂಬುದೇ ತಿಳಿಯದು.

ಮೇಖ್ರಿ ವೃತ್ತದಿಂದ ಯಲಹಂಕದವರೆಗಿನ ಸುಮಾರು ೧೨ ಕಿಲೋಮೀಟರು ದೂರದ ಭೂಭಾಗವನ್ನು ಕಾಲ್ನಡಿಗೆಯಲ್ಲಿ ಕ್ರಮಿಸಿ, ಅಲ್ಲಿಯ ಇತಿಹಾಸಕ್ಕೆ ಆಧಾರಗಳೆಂದು ಹೇಳಲಾಗುವ ಕೆಲವನ್ನು ಅವುಗಳ ಸ್ಥಾನದಲ್ಲಿಯೇ ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ. ಈ ಕಾರ್ಯದಲ್ಲಿ ನನಗೆ ಜೊತೆಯಾದವರು ರವೀಂದ್ರನಾಥ ಠಾಕೂರ್ ನಗರದಲ್ಲಿ, ಎಂದರೆ ಜನರ ಬಾಯಲ್ಲಿ ಆರ್. ಟಿ. ನಗರದಲ್ಲಿ, ಬಾಲ್ಯದಿಂದಲೂ ವಾಸಿಸುತ್ತಿರುವ ಮಿತ್ರರೊಬ್ಬರು; ವೃತ್ತಿಯಿಂದ ಭೂಮಾಪಕರು. ಇತಿಹಾಸವನ್ನು ಅವರು ಶಾಸ್ತ್ರವಾಗಿ ಓದಿದವರಲ್ಲ. ಆದರೆ ಹಳೆಯ ಗ್ರಾಮನಕ್ಷೆ, ಸರ್ವೆ ನಂಬರು, ಖರಾಬು ಜಮೀನು, ರಾಜಕಾಲುವೆ ಇವುಗಳ ಪರಿಚಯ ಅವರಿಗೆ ಅಂಗೈ ಮೇಲಿನ ಗೆರೆಯಷ್ಟು ಸ್ಪಷ್ಟ. ಊರೊಂದನ್ನು ಅಲ್ಲಿಯ ನಿವಾಸಿಯೊಡನೆ ನಡೆದು ನೋಡುವುದನ್ನು ಸಂಶೋಧನ ವಿಧಾನವೆಂದು ಕರೆದರೆ ವಿದ್ವಾಂಸರು ನಗಬಹುದು. ವಿಧಾನವೆಂಬ ದೊಡ್ಡ ಹೆಸರು ಬೇಡ. ಓದಿದುದನ್ನು ಒರೆಗೆ ಹಚ್ಚುವ ಒಂದು ಉಪಾಯವೆಂದರೆ ಸಾಕು. ಮಿತ್ರನ ಮಾತೆಲ್ಲ ಪ್ರಮಾಣವಾಗಲಾರದು. ಆದರೆ ಅವನ ಪ್ರಶ್ನೆಗಳು ಪುಸ್ತಕದಲ್ಲಿ ಸಿಗತಕ್ಕವಲ್ಲ.

ಮೊದಲು ನಮ್ಮ ಕೈದೀವಿಗೆಯಾದ ಗ್ರಂಥವನ್ನೇ ವಿಮರ್ಶಿಸುವುದು ಯುಕ್ತ. ಬಿ. ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ ಮಾಲೆಯ ಒಂಬತ್ತನೆಯ ಸಂಪುಟ, ಬೆಂಗಳೂರು ಜಿಲ್ಲೆಯ ಶಾಸನಗಳನ್ನೊಳಗೊಂಡದ್ದು, ೧೯೦೫ರಲ್ಲಿ ಪ್ರಕಟವಾಯಿತು. ಶಾಸನಗಳಿಗೆ ತಾಲ್ಲೂಕುವಾರಿ ಸಂಖ್ಯೆ ಕೊಟ್ಟು, ಮೂಲಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದಗಳನ್ನು ಒಂದೆಡೆ ಜೋಡಿಸಿದ ಆ ಮಹತ್ಕಾರ್ಯದ ಋಣದಿಂದ ಕನ್ನಡನಾಡಿನ ಯಾವ ಇತಿಹಾಸಕಾರನೂ ಮುಕ್ತನಲ್ಲ. ಆದರೆ ಆ ಸಂಪುಟವನ್ನು ಕೈಯಲ್ಲಿ ಹಿಡಿದು ಬೀದಿಗಿಳಿದಾಗ ಅದರ ಒಂದು ಕೊರತೆ ಎದ್ದು ಕಾಣುತ್ತದೆ. ಪ್ರತಿಯೊಂದು ಶಾಸನದ ತಲೆಯ ಮೇಲೆ ಅದು ಇರುವ ಎಡೆಯನ್ನು ಒಂದು ಸಾಲಿನಲ್ಲಿ ಹೇಳಿದೆ: ಇಂಥ ಗ್ರಾಮದ ಗುಡಿಯ ಮುಂದೆ, ಇಂಥ ಊರಿನ ಕೆರೆಯ ಏರಿಯಲ್ಲಿ, ಇಂಥವರ ಹೊಲದಲ್ಲಿ ಎಂದು. ಆ ಕಾಲಕ್ಕೆ ಇದು ಸಾಕಾಗಿತ್ತು. ಊರಿಗೆ ಹೋಗಿ ಪಟೇಲನನ್ನು ಕೇಳಿದರೆ ಅವನೇ ಕರೆದುಕೊಂಡು ಹೋಗಿ ತೋರಿಸುತ್ತಿದ್ದ. ಗ್ರಾಮ, ಕೆರೆ, ಹೊಲ, ಪಟೇಲ ಈ ನಾಲ್ಕೂ ಚಿರಸ್ಥಾಯಿಗಳೆಂಬ ನಂಬಿಕೆಯ ಮೇಲೆ ಆ ವಿಳಾಸ ನಿಂತಿದೆ. ಬೆಂಗಳೂರಿನ ಉತ್ತರಭಾಗದಲ್ಲಿ ಒಂದು ಶತಮಾನದೊಳಗೆ ಈ ನಾಲ್ಕೂ ಹೋದುವು. ಹೊಲ ನಿವೇಶನಗಳಾಗಿ ಒಡೆದು ಮಾರಾಟವಾಯಿತು. ಎಷ್ಟೋ ಕೆರೆಗಳ ಅಂಗಳ ಬಡಾವಣೆಯೋ ಬಸ್ ನಿಲ್ದಾಣವೋ ಆಯಿತು. ಗ್ರಾಮದ ಹೆಸರು ಬಸ್ಸಿನ ಹಲಗೆಯ ಮೇಲೆ ಉಳಿಯಿತು. ರೈಸ್ ಅವರನ್ನು ಇದಕ್ಕಾಗಿ ದೂರುವುದು ಅನ್ಯಾಯ. ಅವರ ತರುವಾಯ ಬಂದ ನಾವು, ಕಲ್ಲುಗಳ ಪಾಠವನ್ನು ತಿದ್ದಿಕೊಂಡೆವೇ ಹೊರತು ಅವುಗಳ ವಿಳಾಸವನ್ನು ತಿದ್ದಿಕೊಳ್ಳಲಿಲ್ಲವೆಂಬುದು ದೂರಬೇಕಾದ ಸಂಗತಿ.

ಇತ್ತೀಚೆಗೆ ಈ ಲೋಪವನ್ನು ತುಂಬುವ ಯತ್ನ ವಿಶ್ವವಿದ್ಯಾನಿಲಯಗಳ ಹೊರಗಿನಿಂದ ಬಂದಿತೆಂಬುದನ್ನು ಇತಿಹಾಸ ವಿಭಾಗಗಳು ಸ್ವಲ್ಪ ಸಂಕೋಚದಿಂದಲೇ ಒಪ್ಪಿಕೊಳ್ಳಬೇಕಾಗಿದೆ. ನಗರದ ಕೆಲವು ನಾಗರಿಕರು, ಅವರಲ್ಲಿ ಬಹುಮಂದಿ ಬೇರೆ ವೃತ್ತಿಯವರು, ರೈಸ್ ಅವರ ಸಂಪುಟವನ್ನಿಟ್ಟುಕೊಂಡು ಊರೂರು ಅಲೆದು ಕಲ್ಲುಗಳನ್ನು ಹುಡುಕಿದರು. ೧೯೦೯ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯು ೨೦೨೧ರಿಂದ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಗಣಕಯಂತ್ರಕ್ಕೆ ಇಳಿಸುವ ಕೆಲಸವನ್ನು ಕೈಗೊಂಡಿತು. ಸವೆದ ಅಕ್ಷರಗಳು ಈ ಕ್ರಮದಲ್ಲಿ ಬರಿಗಣ್ಣಿಗಿಂತಲೂ ಅಚ್ಚಿನ ಕಾಗದಕ್ಕಿಂತಲೂ ಸ್ಪಷ್ಟವಾಗಿ ಕಾಣುತ್ತವೆ; ಕಲ್ಲಿನ ಅಕ್ಷಾಂಶ ರೇಖಾಂಶಗಳೂ ದಾಖಲಾಗುತ್ತವೆ. ಇದು ನಿಸ್ಸಂದೇಹವಾಗಿ ದೊಡ್ಡ ಲಾಭ. ಆದರೂ ಕಲ್ಲು ಇಂದು ಎಲ್ಲಿದೆಯೆಂಬುದು ಒಂದು ಪ್ರಶ್ನೆ, ಅದು ಅಲ್ಲಿ ಏಕೆ ನಿಂತಿತ್ತೆಂಬುದು ಇನ್ನೊಂದು. ಎರಡನೆಯದಕ್ಕೆ ಉತ್ತರ ದೊರೆಯಬೇಕಾದರೆ ನೆಲವನ್ನು ಓದಬೇಕು.

ಮೇಖ್ರಿ ವೃತ್ತದ ಬಳಿಯ ಬಂಡೆಯ ಮೇಲಿನ ಕೆಂಪೇಗೌಡ ಗೋಪುರದಿಂದ ನಮ್ಮ ನಡಿಗೆ ಆರಂಭವಾಯಿತು. ಇಂಥವು ನಾಲ್ಕು: ಲಾಲ್‌ಬಾಗಿನ ಬಂಡೆಯ ಮೇಲೊಂದು, ಕೆಂಪಾಂಬುಧಿ ಕೆರೆಯ ಬಳಿಯೊಂದು, ಹಲಸೂರು ಕೆರೆಯ ಬಳಿಯೊಂದು, ಇದು ನಾಲ್ಕನೆಯದು. ಕಟ್ಟಿಸಿದವನು ಒಂದನೆಯ ಕೆಂಪೇಗೌಡನೆಂದು ಕೆಲವರೂ ಅವನ ಮಗನೆಂದು ಕೆಲವರೂ ಬರೆಯುತ್ತಾರೆ. ಊರು ಎಲ್ಲಿಯವರೆಗೆ ಬೆಳೆಯಬಹುದೆಂಬುದನ್ನು ನಿಗದಿಮಾಡಿದ ಗಡಿ ಗೋಪುರಗಳು ಇವೆಂಬುದೂ, ಇವನ್ನು ದಾಟಿ ಬೆಳೆದರೆ ಊರಿಗೆ ಕೇಡೆಂಬುದೂ ಎಲ್ಲರೂ ಹೇಳುವ ಮಾತು. ನಗರದ ಪರಂಪರೆಯನ್ನು ತೋರಿಸಲು ಜನರನ್ನು ಗುಂಪುಗುಂಪಾಗಿ ನಡೆಸಿಕೊಂಡು ಹೋಗುವವರು ಈ ಮಾತನ್ನು ತಪ್ಪದೆ ಹೇಳುತ್ತಾರೆ. ಕೇಳುವವರು ಸುತ್ತಲ ವಾಹನಸಾಗರವನ್ನು ನೋಡಿ ನಿಟ್ಟುಸಿರು ಬಿಡುತ್ತಾರೆ.

ಮಿತ್ರರು ಈ ಕಥೆಗೆ ಒಂದೇ ಒಂದು ಆಕ್ಷೇಪವನ್ನು ತಂದರು. ಅವರು ಚಿಕ್ಕಪೇಟೆಯ ಚೌಕದಿಂದ ನಾಲ್ಕೂ ಗೋಪುರಗಳಿಗೆ ದೂರವನ್ನು ನಕ್ಷೆಯ ಮೇಲೆ ಅಳೆದಿದ್ದರು. ಲಾಲ್‌ಬಾಗಿನದೂ ಕೆಂಪಾಂಬುಧಿಯದೂ ನೇರದೂರದಲ್ಲಿ ಎರಡೂವರೆ ಕಿಲೋಮೀಟರಿನ ಆಸುಪಾಸಿನಲ್ಲಿವೆ. ಹಲಸೂರಿನದೂ ಮೇಖ್ರಿ ವೃತ್ತದ್ದೂ ಅದರ ಇಮ್ಮಡಿಯಷ್ಟು, ಎಂದರೆ ಐದು ಕಿಲೋಮೀಟರಿಗೆ ಸಮೀಪ. “ಗಡಿ ಹಾಕುವವನು ದಕ್ಷಿಣಕ್ಕೆ ಇಷ್ಟು ಜಿಪುಣನಾಗಿ ಉತ್ತರಕ್ಕೆ ಇಷ್ಟು ಧಾರಾಳಿಯಾಗುತ್ತಾನೆಯೆ ಮೇಷ್ಟ್ರೆ?” ಎಂದು ಅವರು ಕೇಳಿದರು. ಪ್ರಶ್ನೆ ಸರಳ, ಆದರೆ ಗೋಪುರಗಳನ್ನು ಕುರಿತು ನಾನು ಓದಿದ ಬರವಣಿಗೆಯಲ್ಲಿ ಇದು ಬಂದುದನ್ನು ಕಾಣೆ. ನಾಲ್ಕರಲ್ಲಿ ಎರಡು ಕೆರೆಗಳ ಬಳಿ ಇವೆ, ಎರಡು ಎತ್ತರದ ಬಂಡೆಗಳ ಮೇಲಿವೆ. ಮೇಖ್ರಿ ವೃತ್ತದ ದಿಣ್ಣೆಯಿಂದ ಬಳ್ಳಾರಿ ರಸ್ತೆ ಹೆಬ್ಬಾಳದ ಕಡೆಗೆ ಇಳಿಯುತ್ತದೆ. ವಾಹನದಲ್ಲಿ ಕುಳಿತವನಿಗೆ ಈ ಇಳಿಜಾರು ತಿಳಿಯದು. ಕಾಲಿಗೆ ಚೆನ್ನಾಗಿ ತಿಳಿಯುತ್ತದೆ. ಯಲಹಂಕದ ಕಡೆಯಿಂದ ಪೇಟೆಗೆ ಬರುವವನು ಹೆಬ್ಬಾಳದ ತಗ್ಗನ್ನು ದಾಟಿ ಈ ದಿಣ್ಣೆಯನ್ನೇರಲೇಬೇಕು. ಆದುದರಿಂದ ಇವು ಗಡಿಯ ಗುರುತುಗಳಾಗಿರುವುದಕ್ಕಿಂತ ದಾರಿಯನ್ನೂ ನೀರನ್ನೂ ಕಾಯುವ ಕಾವಲು ನೆಲೆಗಳಾಗಿದ್ದಿರಬಹುದೆಂದು ಊಹಿಸಲು ಅವಕಾಶವಿದೆ. ಇದು ಊಹೆ ಮಾತ್ರ. ಆದರೆ ಎಲ್ಲೆಮೀರಿದ ಊರಿಗೆ ಶಾಪವೆಂಬ ಕಥೆಗಿಂತ ಇದಕ್ಕೆ ನೆಲದ ಬೆಂಬಲ ಹೆಚ್ಚು. ಆ ಕಥೆಯಾದರೋ ಊರು ಗೋಪುರಗಳನ್ನು ದಾಟಿದ ಮೇಲೆ ಹುಟ್ಟಿದಂತೆ ತೋರುತ್ತದೆ. ಬೆಳೆದುಬಿಟ್ಟ ಊರಿಗಲ್ಲದೆ ಅಂಥ ಕಥೆಯ ಅವಶ್ಯಕತೆ ಯಾರಿಗಿದ್ದೀತು?

ದಾರಿಯಲ್ಲಿ ಸಿಗುವ ಬಡಾವಣೆಗಳ ಹೆಸರುಗಳನ್ನು ಕುರಿತು ಒಂದು ಎಚ್ಚರಿಕೆಯ ಮಾತು. ಗಂಗಾನಗರವೆಂಬ ಹಲಗೆಯನ್ನು ಕಂಡು ತಲಕಾಡಿನ ಗಂಗರನ್ನು ನೆನೆಯುವ ಆಸೆ ಇತಿಹಾಸದ ವಿದ್ಯಾರ್ಥಿಗೆ ಬರದೆ ಇರದು. ಬಡಾವಣೆಗಳ ಹೆಸರುಗಳು ಈಚಿನವು, ಇಟ್ಟ ಹೆಸರುಗಳು. ಹಳ್ಳಿಗಳ ಹೆಸರುಗಳು ಹಳೆಯವು, ಬೆಳೆದ ಹೆಸರುಗಳು. ಕವಿಯ ಹೆಸರಿನ ನಗರಕ್ಕೂ ಕವಿಗೂ ಇರುವಷ್ಟೇ ಸಂಬಂಧ ಗಂಗಾನಗರಕ್ಕೂ ಗಂಗರಿಗೂ ಇದ್ದೀತು. ಯಶವಂತಪುರದ ವಿಷಯದಲ್ಲಿ ಇಲ್ಲಿ ಹೇಳಬೇಕಾದುದು ಹೆಚ್ಚಿಲ್ಲ. ಅದು ನಮ್ಮ ದಾರಿಯಿಂದ ಪಶ್ಚಿಮಕ್ಕೆ ಉಳಿಯಿತು. ಆದರೆ ಅಲ್ಲಿಂದಲೂ ಮತ್ತಿಕೆರೆಯ ಕಡೆಯಿಂದಲೂ ಮಳೆಯ ನೀರು ರಾಜಕಾಲುವೆಗಳಲ್ಲಿ ಹರಿದು ಹೆಬ್ಬಾಳದ ಕೆರೆಯನ್ನು ಸೇರುತ್ತದೆಂಬುದನ್ನೂ, ಹೆಬ್ಬಾಳದಿಂದ ನಾಗವಾರದ ಮೂಲಕ ಪೂರ್ವಕ್ಕೆ ಸಾಗಿ ದಕ್ಷಿಣ ಪಿನಾಕಿನಿಗೆ ಸಲ್ಲುತ್ತದೆಂಬುದನ್ನೂ ಗಮನದಲ್ಲಿಡಬೇಕು. ದಿಣ್ಣೆಯ ಆ ಕಡೆಯ ನೀರು ವೃಷಭಾವತಿಯನ್ನು ಸೇರಿ ಅರ್ಕಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ. ಬೆಂಗಳೂರು ಎರಡು ನದಿಗಳ ನಡುವಣ ಬೆನ್ನಿನ ಮೇಲೆ ಕುಳಿತ ಊರು. ಹೆಬ್ಬಾಳವಾದರೋ ನೀರು ಕೂಡುವ ತಗ್ಗಿನ ಊರು. ಎಂಟನೆಯ ಶತಮಾನದ ಬೇಸಾಯಗಾರನು ಈ ಎರಡರಲ್ಲಿ ಯಾವುದನ್ನು ಆರಿಸಿಕೊಳ್ಳುತ್ತಿದ್ದನೆಂದು ಹೇಳಬೇಕಾಗಿಲ್ಲ.

೨೦೧೮ರಲ್ಲಿ ಹೆಬ್ಬಾಳದಲ್ಲಿ ನೆಲವನ್ನು ಅಗೆಯುತ್ತಿದ್ದಾಗ ಒಂದು ವೀರಗಲ್ಲು ದೊರೆಯಿತು. ಗಂಗದೊರೆ ಶ್ರೀಪುರುಷನು ಆಳುತ್ತಿದ್ದ ಕಾಲದಲ್ಲಿ, ಪೆರ್ಬೊೞಲ್ನಾಡು ಮೂವತ್ತಕ್ಕೆ ಸೇರಿದ ಈ ಎಡೆಯಲ್ಲಿ, ರಟ್ಟವಾಡಿಯವರಿಗೆ ಸಂಬಂಧಿಸಿದ ಕಾಳಗವೊಂದರಲ್ಲಿ ಕಿತ್ತಯನೆಂಬ ವೀರನು ಹೋರಾಡಿ ಮಡಿದುದನ್ನು ಅದು ತಿಳಿಸುತ್ತದೆ. ರಟ್ಟವಾಡಿಯೆಂದರೆ ರಾಷ್ಟ್ರಕೂಟರ ಕಡೆಯೆಂದು ಗ್ರಹಿಸಲಾಗಿದೆ. ಕಲ್ಲಿನ ಕಾಲ ಸುಮಾರು ಕ್ರಿ. ಶ. ೭೫೦ ಎಂದು ಪ್ರಚಾರದಲ್ಲಿದೆ. ಬೆಂಗಳೂರಿನಲ್ಲಿ ದೊರೆತ ಅತ್ಯಂತ ಹಳೆಯ ಕನ್ನಡ ಶಾಸನವೆಂಬ ಪ್ರಸಿದ್ಧಿಯೂ ಅದಕ್ಕೆ ಬಂದಿತು. ಊರಿನವರೂ ಆಸಕ್ತರೂ ಕೂಡಿ ಅದಕ್ಕೊಂದು ಮಂಟಪವನ್ನು ಕಟ್ಟುವ ಸಂಕಲ್ಪ ಮಾಡಿದರು. ಮಣ್ಣಿನೊಳಗಿಂದ ಎದ್ದ ಕಲ್ಲಿಗೆ ಇಂಥ ಭಾಗ್ಯ ಅಪರೂಪ.

ಈ ಶಾಸನದ ಮಹತ್ತ್ವವನ್ನು ‘ಅತ್ಯಂತ ಹಳೆಯದು’ ಎಂಬ ವಿಶೇಷಣದಲ್ಲಿ ಹುಡುಕುವುದು ನನ್ನ ದೃಷ್ಟಿಯಲ್ಲಿ ದಾರಿ ತಪ್ಪಿದ ಶ್ರಮ. ಕಲ್ಲಿನಲ್ಲಿ ಶಕವರ್ಷದ ಉಲ್ಲೇಖವಿಲ್ಲ. ಶ್ರೀಪುರುಷನು ಸುಮಾರು ಆರು ದಶಕಗಳ ಕಾಲ ಆಳಿದವನು; ಆದಕಾರಣ ೭೫೦ ಎಂಬುದು ಲಿಪಿಯ ಸ್ವರೂಪವನ್ನೂ ಆಳ್ವಿಕೆಯ ಅವಧಿಯನ್ನೂ ಕೂಡಿಸಿ ಹೇಳಿದ ಅಂದಾಜು, ತಿಥಿಯಲ್ಲ. ಅಂದಾಜನ್ನು ತಿಥಿಯಂತೆ ಉಚ್ಚರಿಸುವ ಅಭ್ಯಾಸ ನಮ್ಮಲ್ಲಿ ಬಲವಾಗಿ ಬೇರೂರಿದೆ. ನಾಳೆ ಇನ್ನೊಂದು ಹಳ್ಳಿಯ ಚರಂಡಿಯಲ್ಲಿ ಇನ್ನೂ ಹಳೆಯ ಕಲ್ಲೊಂದು ಸಿಕ್ಕಿದರೆ ಕಿತ್ತಯನ ಬೆಲೆ ಇಳಿಯುವುದೆ? ಇಳಿಯಬಾರದು. ಏಕೆಂದರೆ ಅವನ ಕಲ್ಲು ಹೇಳುವ ಮುಖ್ಯ ಸಂಗತಿ ಕಾಲವಲ್ಲ, ಆ ನಾಡಿನ ಹೆಸರು.

ಪೆರ್ಬೊೞಲ್ ಎಂಬುದನ್ನು ಬಿಡಿಸಿದರೆ ಪೆರ್ ಎಂದರೆ ಹಿರಿದು, ಪೊೞಲ್ ಎಂದರೆ ಪಟ್ಟಣ. ಸಮಾಸದಲ್ಲಿ ಪಕಾರಕ್ಕೆ ಬಕಾರ ಬಂದಿದೆ. ಹಳಗನ್ನಡದ ಪದಾದಿಯ ಪಕಾರ ಮುಂದೆ ಹಕಾರವಾದ ಮೇಲೆ ಪೆರ್ ಎಂಬುದು ಹೆರ್ ಆಗಿ, ಹೆಬ್ಬಾಗಿಲು ಹೆಬ್ಬಾವುಗಳಲ್ಲಿರುವಂತೆ ಹೆಬ್ ಎಂದು ನಿಲ್ಲುತ್ತದೆ. ಇಲ್ಲಿಯವರೆಗೆ ತೊಡಕಿಲ್ಲ. ಉತ್ತರಪದದಲ್ಲಿ ಮಾತ್ರ ತೊಡಕುಂಟು. ಪೊೞಲ್ ಎಂಬುದು ಕ್ರಮವಾಗಿ ಹೊಳಲು ಆಗಬೇಕು. ಅದರ ಒಕಾರ ಹೆಬ್ಬಾಳದ ದೀರ್ಘ ಆಕಾರವಾದುದು ಹೇಗೆಂಬುದನ್ನು ಭಾಷಾಶಾಸ್ತ್ರಜ್ಞರು ವಿವರಿಸಬೇಕು. ಮೈಸೂರಿನಲ್ಲಿಯೂ ಹೆಬ್ಬಾಳವೊಂದಿದೆ, ಎಲ್ಲ ಹೆಬ್ಬಾಳಗಳೂ ಪೆರ್ಬೊೞಲುಗಳೇ ಆಗಬೇಕೆಂದಿಲ್ಲ. ಆದರೂ ಪೆರ್ಬೊೞಲ್ನಾಡಿನ ಹೆಸರನ್ನು ಹೊತ್ತ ಕಲ್ಲು ಹೆಬ್ಬಾಳವೆಂಬ ಊರಿನ ನೆಲದಲ್ಲಿಯೇ ಹೊರಬಿದ್ದಿರುವಾಗ ಈ ಎರಡು ಹೆಸರುಗಳ ಐಕ್ಯವನ್ನು ಸಂಶಯಿಸುವುದು ಕಷ್ಟ. ಶಬ್ದದ ನಿಯಮ ಮುಕ್ಕಾಲು ದಾರಿ ನಡೆಸುತ್ತದೆ. ಉಳಿದ ಕಾಲು ದಾರಿಯನ್ನು ಕಲ್ಲು ನಿಂತ ಎಡೆ ನಡೆಸುತ್ತದೆ. ಈ ಕಲ್ಲನ್ನು ತಂದು ಒಂದು ವಸ್ತುಸಂಗ್ರಹಾಲಯದ ಮೂಲೆಯಲ್ಲಿ ನಿಲ್ಲಿಸಿದ್ದರೆ ಕಿತ್ತಯನ ಹೆಸರು ಉಳಿಯುತ್ತಿತ್ತು. ಕೆಳಗಿನ ಚೀಟಿ ಕಳೆದುಹೋದ ದಿನ ಹೆಬ್ಬಾಳದ ಹೆಸರಿನ ಪ್ರಮಾಣ ಕಳೆದುಹೋಗುತ್ತಿತ್ತು.

ಇನ್ನು ‘ಮೂವತ್ತು’ ಎಂಬ ಸಂಖ್ಯೆ. ಶಾಸನಗಳಲ್ಲಿ ನಾಡುಗಳ ಹೆಸರಿಗೆ ಅಂಟಿಬರುವ ಇಂಥ ಸಂಖ್ಯೆಗಳು ಗ್ರಾಮಗಳ ಎಣಿಕೆಯೋ ಕಂದಾಯದ ಅಳತೆಯೋ ಎಂಬುದು ಬಹುಕಾಲದ ವಿವಾದ. ಈ ಚಿಕ್ಕ ಸಂಖ್ಯೆಯ ಮಟ್ಟಿಗೆ ಗ್ರಾಮಗಳೆಂದೇ ತಿಳಿಯುವುದು ಸಹಜ. ಹಾಗೆ ತಿಳಿದರೆ, ಎಂಟನೆಯ ಶತಮಾನದಲ್ಲಿ ಈ ತಗ್ಗಿನ ಸುತ್ತ ಮೂವತ್ತು ಊರುಗಳೂ ಅವುಗಳ ನಡುವೆ ‘ಹಿರಿಯ ಪಟ್ಟಣ’ವೆನಿಸಿಕೊಂಡ ಒಂದು ಊರೂ ಇದ್ದುವೆಂದಾಯಿತು. ಕೆಂಪೇಗೌಡನಿಗಿಂತ ಸುಮಾರು ಎಂಟುನೂರು ವರ್ಷ ಹಿಂದೆ ಇಲ್ಲಿ ಕಾಡು ಮಾತ್ರವಿತ್ತು, ಮೊಲ ನಾಯಿಯನ್ನಟ್ಟಿತು ಎಂದು ಆರಂಭವಾಗುವ ಕಥೆಗಳಿಗೆ ಇದಕ್ಕಿಂತ ಗಟ್ಟಿಯಾದ ಪ್ರತ್ಯುತ್ತರ ಬೇಕಿಲ್ಲ. ಹೆಬ್ಬಾಳದ ಕೆರೆಯನ್ನೂ ಕೆಂಪೇಗೌಡನು ೧೫೩೭ರಲ್ಲಿ ಕಟ್ಟಿಸಿದನೆಂದು ಎಲ್ಲೆಡೆ ಬರೆದಿರುತ್ತಾರೆ. ರಾಜಧಾನಿಯೊಂದಕ್ಕೆ ಗುದ್ದಲಿಪೂಜೆ ಮಾಡಿದ ವರ್ಷದಲ್ಲಿಯೇ ಅಲ್ಲಿಂದ ಇಷ್ಟು ದೂರದ ಕೆರೆಯನ್ನೂ ಕಟ್ಟಿ ಮುಗಿಸಿದನೆನ್ನುವುದು ನಂಬಲರ್ಹವೆ? ಊರಿನ ವರ್ಷವನ್ನು ಕೆರೆಗೆ ಎತ್ತಿ ಅಂಟಿಸಿದಂತೆ ಇದು ತೋರುತ್ತದೆ. ಅವನು ಕಟ್ಟಿಸಿರಲೂಬಹುದು, ಇದ್ದ ಕೆರೆಯನ್ನು ಹಿರಿದುಮಾಡಿಸಿರಲೂಬಹುದು. ನೀರು ನಿಲ್ಲುವ ತಗ್ಗಿನಲ್ಲಿ ಒಂದು ‘ಹಿರಿಯ ಪಟ್ಟಣ’ ಕೆರೆಯಿಲ್ಲದೆ ಇದ್ದಿತೆಂದು ನಂಬುವುದಕ್ಕೆ ಹೆಚ್ಚಿನ ಧೈರ್ಯ ಬೇಕು.

ಕೆರೆಯ ಏರಿಯ ಬಳಿ, ೨೦೦೩ರಲ್ಲಿ ಸಿದ್ಧವಾದ ಮೇಲ್ಸೇತುವೆಯ ಗದ್ದಲದ ಕೆಳಗೆ, ಮಿತ್ರರಿಗೂ ನನಗೂ ಭಿನ್ನಾಭಿಪ್ರಾಯ ಹುಟ್ಟಿತು. ‘ಅತ್ಯಂತ ಹಳೆಯ’ ಎಂಬ ವಿಶೇಷಣವನ್ನು ಬಿಡಬೇಕೆಂಬ ನನ್ನ ಮಾತು ಅವರಿಗೆ ಹಿಡಿಸಲಿಲ್ಲ. “ಹಳೆಯದು ಅಂದರೆ ಕಲ್ಲು ಉಳಿಯುತ್ತದೆ ಮೇಷ್ಟ್ರೆ, ಅಂದಾಜು ಅಂದರೆ ಚರಂಡಿ ಚಪ್ಪಡಿ ಆಗುತ್ತದೆ. ನಿಮ್ಮ ಸಂದೇಹ ನಿಮ್ಮ ಪತ್ರಿಕೆಯಲ್ಲಿರಲಿ, ಊರಿನವರ ಮುಂದೆ ಆಡಬೇಡಿ” ಎಂದರು. ಇದು ಹಗುರವಾಗಿ ತಳ್ಳಿಹಾಕತಕ್ಕ ಮಾತಲ್ಲ. ವಿಮರ್ಶಕನ ಎಚ್ಚರಕ್ಕೂ ರಕ್ಷಕನ ಉತ್ಸಾಹಕ್ಕೂ ಇರುವ ವಿರೋಧ ಇಲ್ಲಿ ನಿಜವಾದುದು. ರೈಸ್ ಅವರು ದಾಖಲಿಸಿದ ಕಲ್ಲುಗಳಲ್ಲಿ ನಾಶವಾದವು ಹಲವು. ಅವುಗಳನ್ನು ಅಲಕ್ಷಿಸಿದವರು ಸಂದೇಹವಾದಿಗಳಲ್ಲ, ಅವುಗಳ ವಿಷಯ ಏನೂ ತಿಳಿಯದವರು. ತಿಳಿಸದೆ ಉಳಿದವರು ನಾವು. ಆದರೆ ಮಿತ್ರರ ನೀತಿಯನ್ನು ಒಪ್ಪಿದರೆ ಇನ್ನೊಂದು ಕಷ್ಟ ಎದುರಾಗುತ್ತದೆ. ಅಗ್ರಪದವಿಯ ಕಲ್ಲು ಒಂದೇ. ಅದರ ಸುತ್ತ ಕಾಲವೂ ತಿಳಿಯದ, ಅರ್ಧ ಸವೆದ, ಒಂದು ಗದ್ದೆಯ ದಾನವನ್ನೋ ಒಂದು ಕೆರೆಯ ತೂಬನ್ನೋ ಹೇಳುವ ಹತ್ತಾರು ಸಾಮಾನ್ಯ ಕಲ್ಲುಗಳುಂಟು. ವಿಶೇಷಣದ ಬಲದಿಂದ ಒಂದನ್ನು ಉಳಿಸಿಕೊಂಡು, ವಿಶೇಷಣವಿಲ್ಲವೆಂದು ಉಳಿದವನ್ನು ಕಳೆದುಕೊಂಡರೆ ಊರಿನ ಇತಿಹಾಸ ಉಳಿದಂತಾಗಲಿಲ್ಲ. ಮಿತ್ರರು ಇದಕ್ಕೆ ಉತ್ತರ ಹೇಳಲಿಲ್ಲ. ಒಪ್ಪಿದರೆಂದೂ ನಾನು ಬರೆಯಲಾರೆ.

ಕೊಡಿಗೇಹಳ್ಳಿಯಲ್ಲಿ ಈ ವಿವಾದ ಇನ್ನಷ್ಟು ತೀಕ್ಷ್ಣವಾಯಿತು. ಹೆಬ್ಬಾಳಕ್ಕೆ ಸಮೀಪದ ಈ ಊರಿನ ಬಳಿ ಹಳೇಬೆಂಗಳೂರೆಂಬ ಗ್ರಾಮವಿತ್ತೆಂದೂ, ಅದು ಕೆಂಪೇಗೌಡನ ತಾಯಿಯ ಮತ್ತು ಪತ್ನಿಯ ತವರೆಂದೂ, ಆ ಪ್ರೀತಿಯಿಂದ ಅವನು ತನ್ನ ಹೊಸ ಪಟ್ಟಣಕ್ಕೆ ಬೆಂಗಳೂರೆಂದು ಹೆಸರಿಟ್ಟನೆಂದೂ ಪ್ರತೀತಿ. ಹೊಯ್ಸಳ ವೀರಬಲ್ಲ‌ಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟ ಕಥೆಗಿಂತ ಈ ಪ್ರತೀತಿ ಹೆಚ್ಚು ಗೌರವಾರ್ಹವಾದುದು. ಬೆಂದಕಾಳಿನ ಕಥೆಯನ್ನು ಬೇಗೂರಿನ ನಾಗೇಶ್ವರ ದೇವಾಲಯದ ಶಾಸನ ಎಂದೋ ಮುಗಿಸಿತು. ಸುಮಾರು ಕ್ರಿ. ಶ. ೮೯೦ರ ಆ ಗಂಗ ಶಾಸನ ಬೆಂಗಳೂರಿನ ಕಾಳಗದಲ್ಲಿ ಮಡಿದವರನ್ನು ಸ್ಮರಿಸುತ್ತದೆ. ಹೆಸರು ಬಲ್ಲಾಳರಿಗಿಂತ ಶತಮಾನಗಳಷ್ಟು ಹಿಂದಿನದು.

ಆದರೆ ಆ ಕಾಳಗ ನಡೆದ ಬೆಂಗಳೂರು ಯಾವುದು? ಬೇಗೂರು ನಗರದ ಆಗ್ನೇಯಕ್ಕಿದೆ, ಕೊಡಿಗೇಹಳ್ಳಿ ಉತ್ತರಕ್ಕೆ. ನಡುವಣ ನೇರದೂರ ಸುಮಾರು ೨೦ ಕಿಲೋಮೀಟರು. ಶಾಸನದ ನಾಗತ್ತರನು ಬೇಗೂರಿನ ಕಡೆಯ ಅಧಿಕಾರಿ. ಅವನ ಕಡೆಯವರು ಅಷ್ಟು ದೂರ ಬಂದು ಕಾದಿರಲಾರರೆನ್ನಲು ಕಾರಣವಿಲ್ಲ. ಬಂದೇ ಕಾದಿದರೆನ್ನಲೂ ಕಾರಣವಿಲ್ಲ. ಒಂದೇ ಹೆಸರಿನ ಎರಡು ಊರುಗಳಿದ್ದಿರಬಹುದು. ಹೆಬ್ಬಾಳಗಳೇ ಒಂದಕ್ಕಿಂತ ಹೆಚ್ಚಿರುವಾಗ ಇದರಲ್ಲಿ ವಿಚಿತ್ರವೇನೂ ಇಲ್ಲ. ಮಿತ್ರರಿಗೆ ಬೆಂಗಳೂರೆಂಬ ಹೆಸರು ತಮ್ಮ ಉತ್ತರದಿಂದಲೇ ದಕ್ಷಿಣಕ್ಕೆ ಹೋಯಿತೆಂಬ ಅಭಿಮಾನ. ಕೊಡಿಗೇಹಳ್ಳಿಯ ಹಳೆಯ ಬೀದಿಗಳಲ್ಲಿ ನಾವು ಮೂವರು ಹಿರಿಯರನ್ನು ವಿಚಾರಿಸಿದೆವು. ಇಬ್ಬರಿಗೆ ಹಳೇಬೆಂಗಳೂರಿನ ಹೆಸರು ತಿಳಿಯದು. ಮೂರನೆಯವರು ತಾಯಿಯ ತವರು, ಪತ್ನಿಯ ತವರು ಎಲ್ಲವನ್ನೂ ಸವಿಸ್ತಾರವಾಗಿ ಹೇಳಿದರು. ಮಿತ್ರರ ಮುಖ ಅರಳಿತು. ಯಾರಿಂದ ಕೇಳಿದಿರಿ ಸ್ವಾಮಿ ಎಂದು ನಾನು ವಿಚಾರಿಸಲು, “ಪೇಪರಿನಲ್ಲಿ ಬಂದಿತ್ತಲ್ಲ” ಎಂದರು.

ಈ ಉತ್ತರದಲ್ಲಿ ಸ್ಥಳೇತಿಹಾಸದ ಒಂದು ದೊಡ್ಡ ಅಪಾಯ ಅಡಗಿದೆ. ವಿದ್ವಾಂಸನು ಹಳ್ಳಿಯವರಿಂದ ಕೇಳಿ ಪುಸ್ತಕದಲ್ಲಿ ಬರೆಯುತ್ತಾನೆ. ಪುಸ್ತಕದಿಂದ ಪತ್ರಿಕೆಗೆ, ಪತ್ರಿಕೆಯಿಂದ ಹಳ್ಳಿಗೆ ಅದು ಮರಳುತ್ತದೆ. ಮುಂದಿನ ವಿದ್ವಾಂಸನು ಬಂದು ಅದನ್ನೇ ಜನಪದ ಪ್ರತೀತಿಯೆಂದು ಮತ್ತೆ ಬರೆದುಕೊಳ್ಳುತ್ತಾನೆ. ಒಂದೇ ಸಾಕ್ಷಿ ಎರಡು ಬಾರಿ ನುಡಿದು ಇಬ್ಬರು ಸಾಕ್ಷಿಗಳಂತೆ ಕಾಣುತ್ತದೆ. ಹಳೇಬೆಂಗಳೂರಿನ ಪ್ರತೀತಿ ಸುಳ್ಳೆಂದು ನಾನು ಹೇಳುತ್ತಿಲ್ಲ. ಬಾಯಿಮಾತಿನಿಂದ ಅದನ್ನು ಸ್ಥಾಪಿಸುವ ಕಾಲ ಮುಗಿದಿದೆಯೆಂದಷ್ಟೇ ಹೇಳುತ್ತೇನೆ. ಹಳೆಯ ಕಂದಾಯದ ಪತ್ರಗಳಲ್ಲಿ, ಗ್ರಾಮನಕ್ಷೆಗಳಲ್ಲಿ, ಇನಾಮತಿಯ ಕಾಗದಗಳಲ್ಲಿ ಆ ಹೆಸರು ಯಾವ ಜಮೀನಿಗೆ ಅಂಟಿಕೊಂಡು ಬಂದಿದೆಯೆಂಬುದನ್ನು ಹುಡುಕುವುದು ಉಳಿದಿರುವ ದಾರಿ. ಇದು ಇತಿಹಾಸದ ಅಧ್ಯಾಪಕನಿಗಿಂತ ಭೂಮಾಪಕನ ಕೈಗೆ ಹತ್ತಿರದ ಕೆಲಸ.

ಯಲಹಂಕವನ್ನು ತಲುಪಿದಾಗ ನಗರೇತಿಹಾಸದ ದಿಕ್ಕೇ ತಿರುಗುಮುರುಗಾದುದು ಮನಸ್ಸಿಗೆ ಬರುತ್ತದೆ. ಇಂದು ಯಲಹಂಕ ಬೆಂಗಳೂರಿನ ಒಂದು ಭಾಗ. ಅದಕ್ಕೆ ಸೇರಿದಂತೆ ಒಂದು ಉಪನಗರವೂ ಉಂಟು. ಹದಿಮೂರನೆಯ ಶತಮಾನದಲ್ಲಾದರೋ ಬೆಂಗಳೂರಿನ ಸೀಮೆಯೇ ಯಲಹಂಕ ನಾಡಿಗೆ ಸೇರಿತ್ತು. ದೊಮ್ಮಲೂರಿನ ಚೊಕ್ಕನಾಥ ದೇವಾಲಯದ ತಮಿಳು ಶಾಸನಗಳು ಆ ಊರನ್ನು ಇಲೈಪಾಕ್ಕನಾಡಿನದೆಂದು ಕರೆಯುತ್ತವೆ. ಇಲೈಪಾಕ್ಕವೇ ಯಲಹಂಕವೆಂಬುದು ಸಾಮಾನ್ಯವಾಗಿ ಒಪ್ಪಿತವಾದ ವಿಷಯ. ಆವತಿಯ ರಣಭೈರೇಗೌಡನ ವಂಶದ ಜಯಗೌಡನು ೧೪೧೮ರಲ್ಲಿ ಇಲ್ಲಿ ಪ್ರಭುತ್ವವನ್ನು ಸ್ಥಾಪಿಸಿದನೆಂದು ಹೇಳುವಾಗ, ಅವನು ಒಂದು ಹಳ್ಳಿಯನ್ನಲ್ಲ, ಆಗಲೇ ಶತಮಾನಗಳ ಹೆಸರುಳ್ಳ ಒಂದು ನಾಡನ್ನು ಹಿಡಿದನೆಂಬುದನ್ನು ನಾವು ಮರೆಯುತ್ತೇವೆ. ಬೆಂಗಳೂರು ಕಟ್ಟಿದ ಮೇಲೂ, ಅದನ್ನು ಕಳೆದುಕೊಂಡು ಮಾಗಡಿಗೆ ಹೋದ ಮೇಲೂ ಆ ವಂಶದವರು ಯಲಹಂಕ ನಾಡಪ್ರಭುಗಳೆಂದೇ ಕರೆಯಿಸಿಕೊಂಡರು. ಕಟ್ಟಿದ ಊರಿನ ಹೆಸರಿಗಿಂತ ಬಂದ ನಾಡಿನ ಹೆಸರನ್ನು ಅವರು ಹಿರಿದೆಂದು ಬಗೆದರು.

ಯಲಹಂಕದ ಆಚೆ, ೨೦೦೮ರಲ್ಲಿ ಆರಂಭವಾಗಿ ೨೦೧೩ರಲ್ಲಿ ಕೆಂಪೇಗೌಡನ ಹೆಸರು ಪಡೆದ ವಿಮಾನ ನಿಲ್ದಾಣದ ಮುಂದೆ, ೨೦೨೨ರ ನವೆಂಬರಿನಲ್ಲಿ ಅವನ ೧೦೮ ಅಡಿ ಎತ್ತರದ ಕಂಚಿನ ಪ್ರತಿಮೆ ಅನಾವರಣಗೊಂಡಿತು. ಅದರ ಸಂದರ್ಭದಲ್ಲಿ ನಾಡಿನ ಮೂಲೆಮೂಲೆಗಳಿಂದ ಮೃತ್ತಿಕೆಯನ್ನು ಸಂಗ್ರಹಿಸಿ ತಂದರು. ನಾಡಪ್ರಭುವಿಗೆ ಆ ಗೌರವ ಸಲ್ಲತಕ್ಕದ್ದೇ. ಅವನ ಪೂರ್ವಿಕರ ನಾಡಿನ ಮಣ್ಣಿನಲ್ಲಿ ಇನ್ನೂ ಹೂತಿರುವ ಕಲ್ಲುಗಳನ್ನು ಎತ್ತಿ ಓದಿದರೆ ಆ ಗೌರವ ಕಡಮೆಯಾಗದು.

ಯಲಹಂಕವೆಂಬ ಹೆಸರಿನ ನಿಷ್ಪತ್ತಿಯನ್ನು ಕುರಿತು ನಡೆದಿರುವ ಚರ್ಚೆಯನ್ನು ಇಲ್ಲಿ ಕೈಗೆತ್ತಿಕೊಳ್ಳುವುದಿಲ್ಲ. ಇಲೈ ಎಂಬುದನ್ನು ಎಲೆಯೆಂದೂ ಪಾಕ್ಕವನ್ನು ಊರೆಂದೂ ತಮಿಳಿನಲ್ಲಿ ಬಿಡಿಸುವುದು ಸುಲಭ. ಕನ್ನಡದ ಹೆಸರೊಂದನ್ನು ತಮಿಳು ಲಿಪಿಕಾರನು ತನಗೆ ಕೇಳಿಸಿದಂತೆ ಬರೆದುಕೊಂಡನೆನ್ನುವುದೂ ಅಷ್ಟೇ ಸುಲಭ. ಎರಡು ಸುಲಭಗಳ ನಡುವೆ ನಿರ್ಣಯಿಸುವ ಕಲ್ಲು ಬೇಕು.

ವಿಭಾಗದ ವಿದ್ಯಾರ್ಥಿಗಳು ಈ ಬೇಸಗೆಯ ರಜೆಯಲ್ಲಿ ಉತ್ತರಭಾಗದ ಹಳ್ಳಿಗಳನ್ನು ನಡೆದು ನೋಡಬೇಕೆಂದು ಏರ್ಪಾಟಾಗಿದೆ. ಅವರ ಉಪಯೋಗಕ್ಕಾಗಿ ಮಿತ್ರರು ಒಂದು ನಮೂನೆಯ ಹಾಳೆಯನ್ನು ಸಿದ್ಧಪಡಿಸಿ ಕೊಟ್ಟಿದ್ದಾರೆ. ರೈಸ್ ಅವರ ಸಂಖ್ಯೆ, ಅವರು ಕೊಟ್ಟ ವಿಳಾಸ, ಆ ಹೊಲದ ಹಳೆಯ ಸರ್ವೆ ನಂಬರು, ಇಂದಿನ ಬೀದಿ, ಕಲ್ಲು ಮುಖಮಾಡಿರುವ ದಿಕ್ಕು, ಅದು ಸ್ಥಾನ ಬದಲಿಸಿದ್ದರೆ ಯಾರು ಯಾವಾಗ ಬದಲಿಸಿದರೆಂಬುದು, ಸಮೀಪದ ಕೆರೆಯ ಏರಿಗೂ ರಾಜಕಾಲುವೆಗೂ ಇರುವ ದೂರ, ಕಲ್ಲಿನ ವಿಷಯ ಹೇಳಿದವರು ಅದನ್ನು ಕೇಳಿ ತಿಳಿದರೋ ಓದಿ ತಿಳಿದರೋ ಎಂಬುದು, ಇಷ್ಟಕ್ಕೂ ಅದರಲ್ಲಿ ಸ್ಥಳವಿದೆ. ಕೊನೆಯ ಅಂಕಣವನ್ನು ನಾನು ಸೇರಿಸಿದೆ. ‘ಕಲ್ಲಿನ ವಿಶೇಷತೆ’ ಎಂಬ ಅಂಕಣವೊಂದನ್ನು ಅವರು ಬರೆದಿದ್ದರು, ಅದನ್ನು ನಾನು ಹೊಡೆದುಹಾಕಿದೆ. ಮೊದಲ ಹಾಳೆ ಹೆಬ್ಬಾಳದ್ದು, ತುಂಬಿಯಾಗಿದೆ. ಎರಡನೆಯದು, ಮಿತ್ರರ ಒತ್ತಾಯದಂತೆ, ಕೊಡಿಗೇಹಳ್ಳಿಯದು.